ಬೋರ್ಡಿನ ಅಕ್ಷರ ಕಂಡರೆ ಸಾಕೇ?

ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆಯ ಬಗ್ಗೆ ನಮ್ಮ ಜನರಲ್ಲಿ ಎರಡೇ ಮಾತು. ಹತ್ತು ನಿಮಿಷದ ಕೆಲಸ, ಮರುದಿನವೇ ಎಲ್ಲ ಸ್ಪಷ್ಟ ಎನ್ನುವವರು ಕೆಲವರು. ಕಣ್ಣಿನ ತಂಟೆಗೆ ಹೋದರೆ ಕುರುಡಾಗುತ್ತೀರಿ ಎನ್ನುವವರು ಉಳಿದವರು. ಆಪರೇಷನ್ ಯಶಸ್ವಿಯಾಗಿಯೂ ರೋಗಿ ನೊಂದು ಕೂರಬಹುದು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಸಿಂಗಟಗೆರೆಯಲ್ಲಿರುವ ನನ್ನ ಅಕ್ಕನ ಮಗಳಿಗೆ ಆಗಿದ್ದು ಇದೇ. ವಯಸ್ಸು ಇಪ್ಪತ್ಮೂರು, ಎರಡೂ ಕಣ್ಣಿಗೆ ಮೈನಸ್ ಐದರ ಆಸುಪಾಸು ನಂಬರು, ಮನೆಯಲ್ಲೇ ಹೊಲಿಗೆ ಕೆಲಸ. ನೋಡಲು ಬಂದ ಎರಡು ಕಡೆಯವರು "ಹುಡುಗಿಯ ಕನ್ನಡಕ ಬಹಳ ದಪ್ಪ" ಎಂದು ಹೇಳಿಕಳಿಸಿದ ಮೇಲೆ ಅಕ್ಕ ಆ ವರ್ಷದ ಕೊಬ್ಬರಿ ಹಣ ಕೈಯಲ್ಲಿ ಹಿಡಿದು, ಮಗಳನ್ನು ಕರೆದುಕೊಂಡು ಕಡೂರಿನಲ್ಲಿ ಬೆಂಗಳೂರು ರೈಲು ಹತ್ತಿದಳು. ಚಿಕಿತ್ಸೆ ಆಯಿತು, ಕನ್ನಡಕ ಹೋಯಿತು. ಈಗ ಮಧ್ಯಾಹ್ನವಾಗುವಷ್ಟರಲ್ಲಿ ಅವಳ ಕಣ್ಣಲ್ಲಿ ಮರಳು ಬಿದ್ದಂತೆ ಉರಿ. ಸಂಜೆ ಬಲ್ಬಿನ ಸುತ್ತ ಬಳೆಯಂತೆ ಬೆಳಕು. ಎದುರು ಬರುವ ಬಸ್ಸಿನ ದೀಪ ಚೂರುಚೂರಾಗಿ ಕಾಣುತ್ತದೆ. ಸೂಜಿಗೆ ದಾರ ಪೋಣಿಸಲು ತಂಗಿಯನ್ನು ಕರೆಯಬೇಕು. ತೋರಿಸಲು ಹೋದಾಗ ಬೋರ್ಡಿನ ಕೊನೆಯ ಸಾಲು ಓದಿಸಿ, "6/6 ಇದೆಯಲ್ಲಮ್ಮ, ಇನ್ನೇನು ಬೇಕು?" ಎಂದು ಹನಿ ಬರೆದುಕೊಟ್ಟು ಕಳಿಸಿದರು.

ನನ್ನ ತಕರಾರು ಇರುವುದು ಆ ಪ್ರಶ್ನೆಯ ಬಗ್ಗೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಲ್ಯಾಸಿಕ್ ವಿಧಾನದಲ್ಲಿ ಅದರ ಮೇಲ್ಪದರವನ್ನು ಮುಚ್ಚಳದಂತೆ ಕತ್ತರಿಸಿ ಎತ್ತಿ, ಒಳಗಿನ ಭಾಗವನ್ನು ಲೇಸರಿನಿಂದ ಸವೆಸಿ, ಮುಚ್ಚಳವನ್ನು ಮತ್ತೆ ಮುಚ್ಚುತ್ತಾರೆ. ನಂಬರು ಹೆಚ್ಚಿದ್ದಷ್ಟೂ ಸವೆಸುವುದು ಹೆಚ್ಚು, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಕತ್ತರಿಸುವಾಗ ಅಲ್ಲಿನ ಸೂಕ್ಷ್ಮ ನರಗಳೂ ತುಂಡಾಗುತ್ತವೆ. ಕಣ್ಣು ಒಣಗಿದೆ, ನೀರು ಬೇಕು ಎಂದು ತಿಳಿಸುವ ನರಗಳೇ ಅವು. ಹೆಚ್ಚಿನವರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಇದು ಸುಧಾರಿಸುತ್ತದೆ. ಕೆಲವರಲ್ಲಿ ಉಳಿದುಬಿಡುತ್ತದೆ. ಕತ್ತಲಲ್ಲಿ ಕಣ್ಣಿನ ಪಾಪೆ ಹಿಗ್ಗಿ ಲೇಸರ್ ತಾಗಿದ ಭಾಗವನ್ನು ದಾಟಿದರೆ ದೀಪದ ಸುತ್ತ ಬಳೆ ಕಾಣುತ್ತದೆ. ಬೆಳಕಿನ ಕೋಣೆಯಲ್ಲಿ ಕಪ್ಪು ಅಕ್ಷರ ಓದಿಸುವ ಬೋರ್ಡು ಇದ್ಯಾವುದನ್ನೂ ಅಳೆಯುವುದಿಲ್ಲ.

ಅಮೆರಿಕದ ಎಫ್‌ಡಿಎ ಸಂಸ್ಥೆ ಅಲ್ಲಿನ ರಾಷ್ಟ್ರೀಯ ನೇತ್ರ ಸಂಸ್ಥೆ ಮತ್ತು ರಕ್ಷಣಾ ಇಲಾಖೆಯ ಜೊತೆ ಸೇರಿ ಈ ಚಿಕಿತ್ಸೆ ಪಡೆದವರನ್ನೇ ವಿಚಾರಿಸಿತ್ತು. ವಿವರ 2017ರಲ್ಲಿ ಪ್ರಕಟವಾಯಿತು. ನೂರಕ್ಕೆ 95ಕ್ಕೂ ಹೆಚ್ಚು ಮಂದಿ ತಮ್ಮ ದೃಷ್ಟಿಯ ಬಗ್ಗೆ ತೃಪ್ತರಾಗಿದ್ದರು, ಇದನ್ನು ಮುಚ್ಚಿಡಬಾರದು. ಆದರೆ ಮೊದಲು ಬಳೆ, ಪ್ರತಿಬಿಂಬದಂಥ ಯಾವ ತೊಂದರೆಯೂ ಇಲ್ಲದಿದ್ದವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನರಿಗೆ ಮೂರು ತಿಂಗಳ ಹೊತ್ತಿಗೆ ಒಂದಾದರೂ ಹೊಸ ತೊಂದರೆ ಕಾಣಿಸಿತ್ತು. ಕಣ್ಣು ಒಣಗುವ ಸಮಸ್ಯೆಯೂ ಹೊಸದಾಗಿ ನೂರಕ್ಕೆ ಸುಮಾರು 28 ಮಂದಿಗೆ ಬಂದಿತ್ತು. ಇನ್ನೂ ಒಂದು ಮಾತು ಅದರಲ್ಲಿದೆ: ಜನರು ವೈದ್ಯರ ಮುಂದೆ ಹೇಳಿಕೊಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿ ತಮ್ಮ ತೊಂದರೆಗಳನ್ನು ಪ್ರಶ್ನಾವಳಿಯಲ್ಲಿ ಬರೆದಿದ್ದರು. ಅಲ್ಲಿಯವರೇ ವೈದ್ಯರ ಮುಂದೆ ಬಾಯಿ ಬಿಡದಿದ್ದರೆ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಬಿಟ್ಟಾರೆಯೇ?

ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ 2019ರ ಜುಲೈಯಲ್ಲಿ ಪೊರೆ ಶಸ್ತ್ರಚಿಕಿತ್ಸೆಯಾದ ಹಲವರು ದೃಷ್ಟಿ ಕಳೆದುಕೊಂಡಾಗ ರಾಜ್ಯವೇ ಮಾತನಾಡಿತು. ಅದು ಲೇಸರ್ ಅಲ್ಲ, ಬೇರೆಯೇ ಕತೆ. ಲೇಸರಿನ ನಿರಾಸೆ ಸುದ್ದಿಯಾಗುವುದಿಲ್ಲ, ಯಾಕೆಂದರೆ ಕಾಗದದ ಮೇಲೆ ಅಲ್ಲಿ ಏನೂ ಕೆಟ್ಟಿರುವುದಿಲ್ಲ.

ಹಾಗಾಗಿ ಮಾತು ಆಗಬೇಕಾದದ್ದು ಹಣ ಕಟ್ಟುವ ಮೊದಲು. ನಂಬರು ಒಂದು ವರ್ಷದಿಂದ ಬದಲಾಗಿಲ್ಲವೇ? ಕಾರ್ನಿಯಾದ ದಪ್ಪ ಎಷ್ಟು, ಸವೆಸಿದ ಮೇಲೆ ಎಷ್ಟು ಉಳಿಯುತ್ತದೆ? ಕಣ್ಣೀರಿನ ಪರೀಕ್ಷೆ ಮಾಡಿದ್ದೀರಾ? ಧೂಳಿಗೆ ಕಣ್ಣು ತುರಿಸಿ ಸದಾ ಉಜ್ಜಿಕೊಳ್ಳುವ ಅಭ್ಯಾಸವಿದ್ದರೆ ಹೇಳಲೇಬೇಕು, ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಇದ್ದವರಿಗೆ ಈ ಚಿಕಿತ್ಸೆ ಸಲ್ಲದು. ಬಸುರಿ, ಬಾಣಂತಿಯರು ಕಾಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಪರೀಕ್ಷೆಗೆ ಕೆಲವು ವಾರ ಮುಂಚೆಯೇ ಬಿಟ್ಟಿರಬೇಕು. ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ಹೇಗೂ ಬರುತ್ತದೆ, ಅದನ್ನು ಲ್ಯಾಸಿಕ್ ತಡೆಯುವುದಿಲ್ಲ. ಆಮೇಲಿನ ದಿನಗಳಲ್ಲಿ ಸುರ್ಮಾ ಬೇಡ, ಕಣ್ಣೊಳಗೆ ನೀರೂ ಹೋಗಬಾರದು. ವುಝೂಗೆ ಮುಖ ತೊಳೆಯುವುದು ಯಾವ ದಿನದಿಂದ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಅಲ್ಲಿಯವರೆಗೆ ಹೇಗೆ ಎಂದು ಮಸೀದಿಯ ಇಮಾಮರು ಹೇಳುತ್ತಾರೆ.

ಮದುವೆ ವಿಷಯಕ್ಕೂ ಒಂದು ಮಾತು. ಗಂಡಿನ ಕನ್ನಡಕ ಓದಿದವನ ಲಕ್ಷಣ, ಹೆಣ್ಣಿನ ಕನ್ನಡಕ ಮಾತ್ರ ಐಬು! ಈ ತಕ್ಕಡಿ ಹಿಡಿದು ಹೆಣ್ಣು ನೋಡಲು ಹೋಗುವವರೇ ನಮ್ಮ ಹುಡುಗಿಯರನ್ನು ಲೇಸರಿನ ಕೆಳಗೆ ಮಲಗಿಸುತ್ತಿರುವುದು. ಆಸ್ಪತ್ರೆಯ ಜಾಹೀರಾತಿನ ಪಾಲು ಅದರ ನಂತರದ್ದು.

ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಆಸ್ಪತ್ರೆಯ ಹೊಣೆ ತೀರುವುದಿಲ್ಲ. ಚಿಕಿತ್ಸೆಯ ಅಪಾಯವನ್ನೂ ಬೇರೆ ದಾರಿಯನ್ನೂ ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು 1995ರಲ್ಲೇ ತೀರ್ಪಾಗಿದೆ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆಗಳ ಪ್ರತಿ ಕೊಡಬೇಕೆಂಬುದು ವೈದ್ಯಕೀಯ ಮಂಡಳಿಯ 2002ರ ನಿಯಮ. ಅಕ್ಕನಿಗೆ ಹೇಳಿ ಅರ್ಜಿ ಬರೆಸಿದ್ದೇನೆ. ಆಪರೇಷನ್ನಿಗೆ ಮೊದಲು ತೆಗೆದ ಕಾರ್ನಿಯಾ ಸ್ಕ್ಯಾನ್ ಕೈಗೆ ಬಂದರೆ ಬೇರೊಬ್ಬ ಕಣ್ಣಿನ ವೈದ್ಯರಿಗೆ ತೋರಿಸುವುದಿದೆ.