ಲೆಕ್ಕ ನೋಡದೆ ರಾಜಿಗೆ ರುಜು ಹಾಕಬೇಡಿ



ಲೋಕ ಅದಾಲತ್ ಹತ್ತಿರ ಬಂತೆಂದರೆ ಹಳ್ಳಿಗಳಿಗೆ ಬ್ಯಾಂಕಿನ ನೋಟೀಸು ಬರುತ್ತದೆ. ಇಂಥ ದಿನ ತಾಲ್ಲೂಕು ಕೋರ್ಟಿಗೆ ಬನ್ನಿ, ರಾಜಿ ಮಾಡಿಕೊಳ್ಳಿ, ರಿಯಾಯಿತಿ ಉಂಟು ಅಂತ. ಕೋರ್ಟು ಅನ್ನೋ ಮಾತು ಕಂಡ ಕೂಡಲೇ ನಮ್ಮವರ ಎದೆ ಡವಡವ ಅನ್ನುತ್ತದೆ. ಮನೆಯವಳ ಓಲೆ ಅಡವಿಟ್ಟು ಹೊರಟು, ತೋರಿಸಿದ ಜಾಗದಲ್ಲಿ ರುಜು ಹಾಕಿ ಬರುತ್ತಾರೆ. ಇದಕ್ಕೆ ರಾಜಿ ಅನ್ನುತ್ತಾರೇನ್ರೀ? ಇದು ವಸೂಲಿ.

1980ರ ದಶಕದಲ್ಲಿ ರಾಜ್ಯ ರೈತ ಸಂಘ ಊರಬಾಗಿಲಲ್ಲಿ ಹಲಗೆ ನಿಲ್ಲಿಸಿ, ವಸೂಲಿಗೆ ಬರುವ ಅಧಿಕಾರಿ ಅಪ್ಪಣೆಯಿಲ್ಲದೆ ಊರೊಳಗೆ ಕಾಲಿಡಕೂಡದು ಎಂದಿತು. ಅಂದು ಜಪ್ತಿಯ ಜೀಪು ನಮ್ಮೂರಿಗೆ ಬರುತ್ತಿತ್ತು. ಇಂದು ನಾವೇ ಬಸ್ಸಿಗೆ ದುಡ್ಡು ಕೊಟ್ಟು ವಸೂಲಿಯ ಬಳಿಗೆ ಹೋಗುತ್ತಿದ್ದೇವೆ.

ಹಾಗಂತ ರಾಜಿಯೇ ಬೇಡ ಎಂದು ಯಾರೂ ತಿಳಿಯಬಾರದು. ಕೋರ್ಟಿನ ವ್ಯಾಜ್ಯದಲ್ಲಿ ಗೆದ್ದವ ಸೋತ, ಸೋತವ ಸತ್ತ. ಇಪ್ಪತ್ತು ಸಾವಿರದ ಬಾಬ್ತಿಗೆ ವರ್ಷಗಟ್ಟಲೆ ವಾಯಿದೆ ಅಲೆದರೆ, ವಕೀಲರ ಫೀಜು, ಹೋಟೆಲು, ಬಸ್ಸು ಸೇರಿ ಅಸಲನ್ನೇ ನುಂಗುತ್ತವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ನಡೆಯುವ ಲೋಕ ಅದಾಲತ್ತಿಗೆ ಶುಲ್ಕವಿಲ್ಲ. ಕೋರ್ಟಿನಲ್ಲಿದ್ದ ಕೇಸು ಅಲ್ಲಿ ಮುಗಿದರೆ ಕಟ್ಟಿದ ಕೋರ್ಟು ಫೀಜೂ ವಾಪಸು ಸಿಗುತ್ತದೆ. ಆದರೆ ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ. ಅಲ್ಲಿ ಬರೆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ರುಜು ಬಿದ್ದ ಮೇಲೆ ಅತ್ತರೆ ಕೇಳುವವರಿಲ್ಲ. ಆದ್ದರಿಂದ ರುಜುವಿಗೆ ಮುಂಚೆಯೇ ಲೆಕ್ಕ ಕೇಳಬೇಕು.

ಯಾವ ಲೆಕ್ಕ? ಸಣ್ಣ ಹಿಡುವಳಿದಾರನೊಬ್ಬ 50,000 ರೂಪಾಯಿ ಅಲ್ಪಾವಧಿ ಬೆಳೆ ಸಾಲ ತಂದ, ಏನನ್ನೂ ಕಟ್ಟಲಾಗಲಿಲ್ಲ, ಅದು ಬೆಳೆದು 1,35,000 ಆಯಿತು ಅನ್ನಿ. ಬ್ಯಾಂಕು ದೊಡ್ಡ ಮನಸ್ಸು ಮಾಡಿದಂತೆ 90,000 ಕಟ್ಟು, 45,000 ಬಿಟ್ಟೆವು ಅನ್ನುತ್ತದೆ. ಇವನು ಕೈ ಮುಗಿಯುತ್ತಾನೆ. ಆದರೆ ಸಣ್ಣ, ಅತಿಸಣ್ಣ ರೈತರ ಅಲ್ಪಾವಧಿ ಸಾಲಕ್ಕೆ ಹಾಕುವ ಒಟ್ಟು ಬಡ್ಡಿ ಅಸಲನ್ನು ಮೀರಕೂಡದೆಂದು ರಿಸರ್ವ್ ಬ್ಯಾಂಕು 2016ರ ನಿರ್ದೇಶನದಲ್ಲಿ ವಾಣಿಜ್ಯ ಬ್ಯಾಂಕುಗಳಿಗೆ ಹೇಳಿದೆ. ಅಂದರೆ ಇವನ ಬಾಕಿ ಒಂದು ಲಕ್ಷ ದಾಟುವಂತೆಯೇ ಇರಲಿಲ್ಲ. ಬಿಟ್ಟದ್ದು 10,000 ಮಾತ್ರ. ಉಳಿದ 35,000 ಹಾಕಬಾರದಾಗಿದ್ದ ಬಡ್ಡಿ. ಇಲ್ಲದ ಸಾಲವನ್ನು ಬಿಟ್ಟುಕೊಟ್ಟು ಧರ್ಮರಾಯ ಅನ್ನಿಸಿಕೊಳ್ಳುವುದು ಯಾವ ನ್ಯಾಯ?

ಚಕ್ರಬಡ್ಡಿಯ ಕತೆಯೂ ಹೀಗೇ. ಕೃಷಿ ಸಾಲಕ್ಕೆ ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಬಡ್ಡಿಯ ಮೇಲೆ ಬಡ್ಡಿ ಕೂಡಿಸಕೂಡದು ಎಂದು ಸುಪ್ರೀಂ ಕೋರ್ಟು 1994ರಲ್ಲೇ, ನಮ್ಮ ರಾಜ್ಯದಿಂದ ಹೋದ ಕಾರ್ಪೊರೇಷನ್ ಬ್ಯಾಂಕಿನ ಮೊಕದ್ದಮೆಯಲ್ಲಿ ಹೇಳಿದೆ. ಸಾಲದ ಖಾತೆಯ ಪೂರಾ ನಕಲು ಕೇಳಿ ಪಡೆಯಿರಿ. ಓದಿದ ಮಕ್ಕಳ ಕೈಲಿ ಸಾಲುಸಾಲಾಗಿ ಕೂಡಿಸಿ ನೋಡಿ.

ಕೈಸಾಲದ ಪ್ರೋನೋಟಿನಲ್ಲಿ ಬೇರೆ ಗಂಡಾಂತರವಿದೆ. ಕಂತು ಕಟ್ಟದೆ, ಸಾಲ ಒಪ್ಪಿ ರುಜು ಹಾಕದೆ ಮೂರು ವರ್ಷ ಕಳೆದರೆ ಹಣದ ದಾವಾ ವಾಯಿದೆ ಮೀರುತ್ತದೆ. ಅಂಥ ಸಾಲಕ್ಕೂ ರಾಜಿ ಎಂದು ರುಜು ಹಾಕಿದರೆ ಅದು ಡಿಕ್ರಿ. ಡಿಕ್ರಿಯ ಅಮಲ್ಜಾರಿಗೆ ಹನ್ನೆರಡು ವರ್ಷ ಅವಕಾಶ. ಕೊಟ್ಟ ಮಾತಿಗೆ ನಡೆಯುತ್ತೇನೆ ಅನ್ನುವವರು ನಡೆಯಲಿ, ತಿಳಿದು ನಡೆಯಲಿ.

ಒಪ್ಪದಿದ್ದರೆ ನಿನ್ನ ಮೇಲೆ ಆರ್ಡರು ಆಗುತ್ತೆ ಎಂದು ಹೆದರಿಸುವವರುಂಟು. ಲೋಕ ಅದಾಲತ್ತಿಗೆ ತಾನಾಗಿ ತೀರ್ಪು ಕೊಡುವ ಅಧಿಕಾರವಿಲ್ಲ, ಇಬ್ಬರೂ ಒಪ್ಪಿದ್ದನ್ನು ಬರೆಯಬೇಕಷ್ಟೆ ಎಂದು ಸುಪ್ರೀಂ ಕೋರ್ಟು 2008ರಲ್ಲಿ ಪಂಜಾಬಿನ ಮೊಕದ್ದಮೆಯೊಂದರಲ್ಲಿ ಹೇಳಿದೆ. ಒಪ್ಪದಿದ್ದರೆ ಕೇಸು ಮೊದಲಿದ್ದ ಕೋರ್ಟಿಗೇ ವಾಪಸು. ಅಲ್ಲಿನ ವಾಯಿದೆ ಮಾತ್ರ ತಪ್ಪಿಸಬೇಡಿ. 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಣದ ಡಿಕ್ರಿಗಾಗಿ ಬೇಸಾಯಗಾರನ ಉಳುಮೆಯ ಸಾಮಾನು, ಎತ್ತು, ಬಿತ್ತನೆ ಕಾಳು ಜಪ್ತಿ ಮಾಡಕೂಡದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮೇ ಹೇಳುತ್ತದೆ.

ಇನ್ನೊಂದು ಮಾತು. ಸಾಲ ಕೊಟ್ಟವನು ಕರೆದಾಗ ಮಾತ್ರ ನಾವೇಕೆ ಆ ಮೆಟ್ಟಿಲು ಹತ್ತಬೇಕು? ಮೆಕ್ಕೆಜೋಳ ತುಂಬಿಸಿಕೊಂಡು ಹೋಗಿ ಹಣ ಕೊಡದ ವ್ಯಾಪಾರಿಯ ಮೇಲೆ, ದಾವಾ ಹೂಡುವ ಮುಂಚೆಯೇ, ನೀವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಅವನು ಒಪ್ಪಿ ಬರೆದುಕೊಟ್ಟರೆ ಡಿಕ್ರಿ ನಿಮ್ಮ ಕೈಯಲ್ಲಿರುತ್ತದೆ. ಹೆಂಗಸರಿಗೆ, ಪರಿಶಿಷ್ಟರಿಗೆ, ಬರ ನೆರೆಗೆ ಸಿಕ್ಕವರಿಗೆ ಉಚಿತ ವಕೀಲರನ್ನು ಕೊಡಬೇಕೆಂದು ಕಾಯ್ದೆಯೇ ಹೇಳಿದೆ. ಕೇಳಿದವರಿಗೆ ಸಿಗುತ್ತದೆ.

ಆದ್ದರಿಂದ ನೋಟೀಸು ಬಂದವರು ಒಬ್ಬೊಬ್ಬರೇ ಹೋಗಬೇಡಿ. ಹಿಂದಿನ ರಾತ್ರಿ ಊರಕಟ್ಟೆಯಲ್ಲಿ ಕೂತು ಎಲ್ಲರ ಖಾತೆ ಬಿಚ್ಚಿ ನೋಡಿ. ರಾಜಿಪತ್ರವನ್ನು ಕನ್ನಡದಲ್ಲಿ ಓದಿಸಿ ಕೇಳಿ. ಎಷ್ಟು ಹಣ, ಎಷ್ಟು ಕಂತು, ಕಟ್ಟಿದ ಮೇಲೆ ಬೇಬಾಕಿ ಪತ್ರ ಎಂದು ಕೊಡುತ್ತಾರೆ, ಪಹಣಿಯ 11ನೇ ಕಾಲಮ್ಮಿನ ಋಣ ಎಂದು ತೆಗೆಸುತ್ತಾರೆ, ಎಲ್ಲವೂ ಅದರಲ್ಲಿ ಬರೆದಿರಲಿ. ಬರೆಯಲು ಒಪ್ಪದಿದ್ದರೆ ಎದ್ದು ಬನ್ನಿ. ಎದ್ದು ಬರುವ ಧೈರ್ಯ ಇದ್ದವನ ಜೊತೆಗೇ ಬ್ಯಾಂಕು ಸರಿಯಾದ ರಾಜಿಗೆ ಕೂರುವುದು.