ಗರ್ಭದೊಳಗಿನ ಮುನೀಮ

ಅಂಗಡಿಯ ಖಾತೆಪುಸ್ತಕ ಒಂದೇ ಇದ್ದರೂ ಯಾವ ಹೊತ್ತಿಗೆ ಯಾವ ಪುಟ ತೆರೆಯಬೇಕೆಂಬುದನ್ನು ಮುನೀಮ ಬಲ್ಲ. ವ್ಯಾಪಾರಸ್ಥರಾದ ನಮಗೆ ಇದು ಹೊಸತಲ್ಲ. ತಾಯಿಯ ಗರ್ಭದಲ್ಲಿ ಶಿಶು ಬೆಳೆಯುವ ರೀತಿಯೂ ಹೆಚ್ಚುಕಡಿಮೆ ಹೀಗೆಯೇ ಎಂದರೆ ಬಂಧುಗಳಿಗೆ ಸೋಜಿಗವೆನಿಸಬಹುದು.

ಶಿಶುವಿನ ಕಣ್ಣಿನ ಜೀವಕೋಶದಲ್ಲಿಯೂ ಕೈಯ ಜೀವಕೋಶದಲ್ಲಿಯೂ ಇರುವ ಜೀನುಗಳು ಅವೇ. ಆದರೆ ಯಾವ ಜೀನು ಎಲ್ಲಿ, ಯಾವಾಗ ಕೆಲಸ ಮಾಡಬೇಕೆಂದು ಅಪ್ಪಣೆ ಕೊಡುವ ಪ್ರೊಟೀನುಗಳು ಬೇರೆ ಇವೆ. ಅವುಗಳ ಅಪ್ಪಣೆಯಂತೆ ಜೀವಕೋಶಗಳು ಒಂದು ಕಡೆ ಹೆಚ್ಚುತ್ತವೆ, ಒಂದು ಕಡೆ ನಿಲ್ಲುತ್ತವೆ, ಇನ್ನೊಂದು ಕಡೆ ಅಳಿಯುತ್ತವೆ. ಬೆರಳುಗಳ ನಡುವಿನ ಜೀವಕೋಶಗಳು ಅಳಿಯುವುದರಿಂದಲೇ ಬೆರಳುಗಳು ಬಿಡಿಬಿಡಿಯಾಗುತ್ತವೆ.

ಇಂಥ ಮುನೀಮನೊಬ್ಬ ಇಲ್ಲವಾದರೆ ಏನಾದೀತು? 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೋಮೈಡ್ ಎಂಬ ನಿದ್ರೆಯ ಮಾತ್ರೆ ಮಾರಾಟಕ್ಕೆ ಬಂತು. ಅಪಾಯವಿಲ್ಲವೆಂಬ ಮಾತನ್ನು ನಂಬಿ ಬಸುರಿಯರು ಓಕರಿಕೆಗೂ ಅದನ್ನು ತೆಗೆದುಕೊಂಡರು. 1961ರ ನವೆಂಬರಿನಲ್ಲಿ ಅಲ್ಲಿ ಮಾರಾಟ ನಿಂತಿತು. ಆದರೆ ಹಲವು ದೇಶಗಳಲ್ಲಿ ಒಟ್ಟು 10,000ಕ್ಕೂ ಹೆಚ್ಚು ಮಕ್ಕಳು ಮೊಟಕು ಕೈಕಾಲು ಮೊದಲಾದ ಊನಗಳೊಂದಿಗೆ ಹುಟ್ಟಿದರೆಂದು ಅಂದಾಜು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳಾ ಅಧಿಕಾರಿ ಪುರಾವೆ ಸಾಲದೆಂದು ಅನುಮತಿ ತಡೆಹಿಡಿದುದರಿಂದ ಅಲ್ಲಿಯ ಎಷ್ಟೋ ಮನೆಗಳು ಉಳಿದವು.

ಕಾರಣ ತಿಳಿಯಲು ಅರ್ಧ ಶತಮಾನವೇ ಬೇಕಾಯಿತು. ಈ ಔಷಧಿ ಸೆರೆಬ್ಲಾನ್ ಎಂಬ ಪ್ರೊಟೀನಿಗೆ ಅಂಟುತ್ತದೆಂದು 2010ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಹಾಗೆ ಅಂಟಿದಾಗ ಸ್ಯಾಲ್-4 ಎಂಬ, ಜೀನುಗಳನ್ನು ನಿಯಂತ್ರಿಸುವ ಪ್ರೊಟೀನು ನಾಶವಾಗುತ್ತದೆಂದು 2018ರಲ್ಲಿ ತಿಳಿದುಬಂತು. ಹುಟ್ಟಿನಿಂದಲೇ ಸ್ಯಾಲ್-4 ಜೀನಿನಲ್ಲಿ ದೋಷವಿರುವವರ ಕೈಗಳಲ್ಲಿಯೂ ಇಂಥದೇ ಊನ ಕಾಣುವುದುಂಟು.

ಮುಖ್ಯವಾದ ಮಾತು ಮುಂದಿದೆ. ಈ ಹಾನಿ ಆದದ್ದು ಗರ್ಭ ನಿಂತ ಮೇಲೆ ಸುಮಾರು 20ರಿಂದ 36ನೆಯ ದಿನದೊಳಗೆ. ಆಗ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿಯೆಂಬುದೇ ಖಚಿತವಾಗಿರುವುದಿಲ್ಲ. ಥಾಲಿಡೋಮೈಡನ್ನು ಇಂದಿಗೂ ಕುಷ್ಠರೋಗದ ಒಂದು ತೊಡಕಿಗೂ ಒಂದು ಬಗೆಯ ರಕ್ತದ ಕ್ಯಾನ್ಸರಿಗೂ ಕಟ್ಟುನಿಟ್ಟಿನ ಎಚ್ಚರಿಕೆಯೊಡನೆ ಕೊಡುತ್ತಾರೆ.

ಆದುದರಿಂದ ಮನೆಯ ಸೊಸೆಗೋ ಮಗಳಿಗೋ ತಲೆನೋವು, ವಾಂತಿ ಎಂದೊಡನೆ ಕಪಾಟಿನ ಹಳೆಯ ಮಾತ್ರೆ ಕೊಡುವುದು ಬೇಡ. ಮದುವೆಯಾದ ಹೆಣ್ಣುಮಕ್ಕಳು ಯಾವುದಾದರೂ ಕಾಯಿಲೆಗೆ ನಿತ್ಯ ಔಷಧಿ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸದೆ, ಮಗು ಬೇಕೆಂದುಕೊಂಡಾಗಲೇ ವೈದ್ಯರನ್ನು ಕೇಳಲಿ. ನಮ್ಮಲ್ಲಿ ಔಷಧಿ ಅಂಗಡಿ ಇಟ್ಟವರೂ ಚೀಟಿಯಿಲ್ಲದೆ ಮಾತ್ರೆ ಕೇಳುವವರನ್ನು ವೈದ್ಯರ ಬಳಿಗೆ ಕಳಿಸಲಿ. ಒಂದು ಗಿರಾಕಿ ತಪ್ಪಿದರೆ ನಾಳೆ ಇನ್ನೊಂದು ಬಂದೀತು. ಗರ್ಭದೊಳಗೆ ತಪ್ಪಿದ ಲೆಕ್ಕವನ್ನು ಮರುದಿನ ತಿದ್ದಲು ಬಾರದು.