ನಾಲ್ಕನೆಯ ತರಗತಿಯ ಹೊಸ್ತಿಲಲ್ಲಿ

ಹತ್ತನೆಯ ತರಗತಿಯಲ್ಲಿ ಉನ್ನತ ಅಂಕ ಪಡೆದವರಿಗೆ ಶಾಲು ಹೊದಿಸಿ ಪ್ರತಿಭಾ ಪುರಸ್ಕಾರ ನೀಡುವುದು ನಮ್ಮ ಬಸದಿಗಳ ಆಡಳಿತ ಮಂಡಳಿಗಳಲ್ಲಿ ವಾಡಿಕೆಯಾಗಿದೆ. ಸಂತೋಷ. ಆದರೆ ನಾಲ್ಕನೆಯ ತರಗತಿಯಲ್ಲಿ ಎಡವಿದ ಮಗುವಿನ ಕೈಹಿಡಿದವರು ಯಾರು?

ಸರಕಾರಿ ಕನ್ನಡ ಶಾಲೆಗಳಲ್ಲಿ ಮೂರನೆಯ ತರಗತಿಯವರೆಗೆ ‘ನಲಿ-ಕಲಿ’ ಪದ್ಧತಿಯಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಈ ಕ್ರಮದಲ್ಲಿ ಮಗು ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಕಲಿಯುತ್ತದೆ. ನಾಲ್ಕಕ್ಕೆ ಬಂದೊಡನೆ ಪಠ್ಯಪುಸ್ತಕಗಳ ಹೊರೆ. ಓದಲು ಕಲಿತ ಮಗು ಇನ್ನು ಓದಿ ಕಲಿಯಬೇಕು. ಹಾಲಾಡಿಯಂತಹ ಊರಿನಲ್ಲಿ ಮನೆಯ ಮಾತು ಕುಂದಾಪುರ ಕನ್ನಡ, ಪುಸ್ತಕದ ಕನ್ನಡ ಬೇರೆ. ವಾರಾಹಿ ಹೊಳೆಯ ನೆರೆಯನ್ನು ಬಾಯ್ಮಾತಿನಲ್ಲಿ ಸೊಗಸಾಗಿ ವರ್ಣಿಸುವ ಮಗು, ಅದೇ ಸಂಗತಿಯನ್ನು ಪಾಠದಲ್ಲಿ ಓದುವಾಗ ತಡವರಿಸುತ್ತದೆ. ಇದು ದಡ್ಡತನವಲ್ಲ. ‘ಮುಂದೆ ತಾನಾಗಿ ಸರಿಹೋಗುತ್ತದೆ’ ಎಂಬುದು ಹಿರಿಯರ ಆಲಸ್ಯ. ಆಂಗ್ಲ ಮಾಧ್ಯಮದ ಬಸ್ಸು ಹತ್ತಿಸುವುದು ಮದ್ದಲ್ಲ. ಅದು ಎರಡರ ಮೇಲೆ ಮೂರನೆಯ ಭಾರ.

ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓದಬಲ್ಲವರೇ ಇಲ್ಲವಾದರೆ ಅಂತಹ ದಾನವನ್ನು ಸ್ವೀಕರಿಸುವವರಾರು?

ಆದುದರಿಂದ ಮೊಕ್ತೇಸರರಲ್ಲಿ ನಮ್ಮ ಬಿನ್ನಹವಿದು: ಸಂಜೆ ಒಂದು ಗಂಟೆ ಬಸದಿಯ ಸಭಾಭವನವನ್ನು ಎಂಟರಿಂದ ಹತ್ತು ವರ್ಷದ ಮಕ್ಕಳಿಗೆ ತೆರೆಯಿರಿ. ಕಥೆಪುಸ್ತಕಗಳನ್ನಿರಿಸಿ, ಗಟ್ಟಿಯಾಗಿ ಓದಿಸಿ, ಓದಿದ್ದನ್ನು ಮನೆಮಾತಿನಲ್ಲಿಯೇ ಹೇಳಿಸಿ, ಬಳಿಕ ಬರೆಯಿಸಿ. ಯಾವ ಮನೆಯ, ಯಾವ ಮತದ ಮಗುವೆಂದು ಕೇಳುವುದು ಬೇಡ. ತಂದೆತಾಯಿಗಳೂ ಸರದಿಯಂತೆ ಬಂದು ಕುಳಿತುಕೊಳ್ಳಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ದೇಣಿಗೆಯೂ ಬೇಡ. ಪುರಸ್ಕಾರ ಸಮಾರಂಭದ ವೆಚ್ಚದಲ್ಲಿ ಒಂದು ಪಾಲು ಸಾಕು.